ಸಫಾರಿ ಶಿಬಿರದ ಹೋಸ್ಟೆಸ್: ವೇತನ, ವಸತಿ ಮತ್ತು ಭಕ್ಷೀಸಿನ ಲೆಕ್ಕ

ಕರ್ನಾಟಕದ ವನ್ಯಜೀವಿ ಪ್ರವಾಸೋದ್ಯಮಕ್ಕೆ ವ್ಯವಸ್ಥಿತ ರೂಪ ದೊರೆತದ್ದು 1980ರಲ್ಲಿ ಸ್ಥಾಪನೆಯಾದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆಯಿಂದ. ಇಂದು ಕಬಿನಿ ಹಿನ್ನೀರು, ಬಂಡೀಪುರ, ದಾಂಡೇಲಿಗಳ ಸುತ್ತ ಖಾಸಗಿ ಶಿಬಿರಗಳೂ ಇವೆ. ಶಿಬಿರದ ಹೆಸರನ್ನು ಉಳಿಸುವಲ್ಲಿ ಹೋಸ್ಟೆಸ್ ಹುದ್ದೆಯ ಪಾತ್ರ ದೊಡ್ಡದು. ಆದರೆ ಆಕೆಯ ವೇತನವನ್ನು ನಿಗದಿಪಡಿಸುವಾಗ ಮಾಲೀಕರು ವಸತಿ, ಊಟ ಮತ್ತು ಭಕ್ಷೀಸನ್ನು ಸಂಬಳದೊಳಗೆ ಸೇರಿಸಿ ಎಣಿಸುವುದುಂಟು. ಈ ಪದ್ಧತಿಯ ದೋಷವನ್ನು ತಿಳಿಯುವುದು ಇಲ್ಲಿನ ಉದ್ದೇಶ.

ಕೆಲಸದ ಸ್ವರೂಪ

ಸೂರ್ಯೋದಯಕ್ಕೆ ಮೊದಲೇ ಅತಿಥಿಗಳನ್ನು ಎಬ್ಬಿಸಿ ಕಾಫಿ ಒದಗಿಸುವುದು, ಸಫಾರಿ ವಾಹನದ ಆಸನಪಟ್ಟಿಯನ್ನು ಗುರುತಿನ ಚೀಟಿಗಳೊಂದಿಗೆ ತಾಳೆ ನೋಡುವುದು, ಮಧ್ಯಾಹ್ನ ಹೊರಡುವವರ ಬಿಲ್ಲು, ಬರುವವರ ಸ್ವಾಗತ, ಸಂಜೆ ಎರಡನೆಯ ಸಫಾರಿ, ರಾತ್ರಿ ಊಟದ ಮೇಲುಸ್ತುವಾರಿ - ಇವೆಲ್ಲವೂ ಆಕೆಯ ಕರ್ತವ್ಯಗಳು. ನಡುವೆ ಬಿಡುವಿದ್ದರೂ ವಾಸ ಶಿಬಿರದಲ್ಲಿಯೇ ಆದ್ದರಿಂದ ಕರೆ ಬಂದಾಗ ಎದ್ದು ಬರಬೇಕಾಗುತ್ತದೆ. "ನಮ್ಮ ಮನೆಯವರಂತೆ" ಎಂಬ ಪ್ರೀತಿಯ ಮಾತು ಹಾಜರಿ ಪುಸ್ತಕಕ್ಕೆ ಪರ್ಯಾಯವಾಗಲಾರದು.

ವಸತಿ ಮತ್ತು ವೇತನ

2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ ವಸತಿಯ ಮೌಲ್ಯ, ಪ್ರಯಾಣ ಭತ್ಯೆ, ಕಮಿಷನ್ ಮುಂತಾದವು 'ವೇತನ'ದ ವ್ಯಾಖ್ಯೆಯಿಂದ ಹೊರಗಿವೆ. ಆದರೆ ಇವುಗಳ ಮೊತ್ತ ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದ ಭಾಗವು ವೇತನಕ್ಕೆ ಸೇರುತ್ತದೆ.

ಉದಾಹರಣೆಗೆ, ನೇಮಕಾತಿ ಪತ್ರದಲ್ಲಿ ಒಟ್ಟು ಸಂಭಾವನೆ ಮಾಸಿಕ ರೂ. 32,000 ಎಂದಿಟ್ಟುಕೊಳ್ಳೋಣ. ಇದರಲ್ಲಿ ಮೂಲ ವೇತನ ರೂ. 12,000, ವಸತಿ ಮೌಲ್ಯ, ಪ್ರಯಾಣ ಭತ್ಯೆ ಮತ್ತು ಕಮಿಷನ್ ಸೇರಿ ರೂ. 20,000. ಅರ್ಧವೆಂದರೆ ರೂ. 16,000. ಹೆಚ್ಚಾದ ರೂ. 4,000 ಮೂಲ ವೇತನಕ್ಕೆ ಸೇರಿ, ಕಾನೂನಿನ ದೃಷ್ಟಿಯಲ್ಲಿ ವೇತನವು ರೂ. 16,000 ಆಗುತ್ತದೆ. ಒಂದು ವರ್ಷದ ಸೇವೆಗೆ ಗ್ರಾಚ್ಯುಯಿಟಿ (15/26ರಂತೆ) ರೂ. 6,923ರ ಬದಲು ರೂ. 9,231. ನಿಗದಿತ ಅವಧಿಯ ನೇಮಕಾತಿಯಾದರೂ ಒಂದು ವರ್ಷ ಪೂರೈಸಿದವರಿಗೆ ಈ ಹಕ್ಕು ಲಭ್ಯ.

ಹೆಚ್ಚುವರಿ ಅವಧಿಯ ಕೆಲಸದ ಭಾರ ಇದಕ್ಕಿಂತ ದೊಡ್ಡದು. ಮೇಲ್ವಿಚಾರಣೆಯ ಅಧಿಕಾರವಿಲ್ಲದ ಈ ಹುದ್ದೆಯಲ್ಲಿ ವಾರಕ್ಕೆ 48 ಗಂಟೆ ಮೀರಿದ ದುಡಿಮೆಗೆ ದುಪ್ಪಟ್ಟು ದರ ಕೊಡಬೇಕು. ದಿನಕ್ಕೆ ಎರಡು ಗಂಟೆ ಹೆಚ್ಚಾದರೆ 26 ದಿನಗಳಿಗೆ 52 ಗಂಟೆ. ಮೇಲಿನ ವೇತನದಂತೆ ಸ್ಥೂಲವಾಗಿ ರೂ. 8,000. ಹಾಜರಿ ದಾಖಲೆಯಿಲ್ಲದಿದ್ದರೆ ವಿವಾದ ಎದ್ದಾಗ ಮಾಲೀಕನ ಬಳಿ ಉತ್ತರವಿರುವುದಿಲ್ಲ. ಆಕೆಯ ಬಳಿ ಪುರಾವೆಯಿರುವುದಿಲ್ಲ.

ಭಕ್ಷೀಸು ಯಾರದು?

ಗ್ರಾಹಕರು ಕಾರ್ಡಿನ ಮೂಲಕ ಕೊಟ್ಟ ಭಕ್ಷೀಸನ್ನು ಹೋಟೆಲು ನೌಕರರಿಗೆ ಹಂಚಿದರೆ ಅದು ಸಂಬಳವಲ್ಲ, ಅದರ ಮೇಲೆ ಸಂಬಳದ ಟಿಡಿಎಸ್ ಕಡಿತದ ಹೊಣೆ ಹೋಟೆಲಿನದಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2016ರಲ್ಲಿ ಐಟಿಸಿ ಪ್ರಕರಣದಲ್ಲಿ ತೀರ್ಪಿತ್ತಿತು. ಆದರೆ ನೌಕರರ ಕೈಯಲ್ಲಿ ಅದು ಇತರ ಮೂಲಗಳ ಆದಾಯವೇ. ಅತಿಥಿಯ ಹಣವನ್ನು ಸಂಬಳದ ಭಾಗವೆಂದು ತೋರಿಸುವುದು ನ್ಯಾಯವೂ ಅಲ್ಲ, ಲೆಕ್ಕಶಾಸ್ತ್ರವೂ ಅಲ್ಲ.

ಇದಲ್ಲದೆ ಭಕ್ಷೀಸು ಕಾಡಿನ ಬಾಗಿಲು ತೆರೆದಿರುವವರೆಗೆ ಮಾತ್ರ. 2025ರ ನವೆಂಬರ್‌ನಲ್ಲಿ ಹುಲಿ ದಾಳಿಗಳ ಬಳಿಕ ಬಂಡೀಪುರ, ನಾಗರಹೊಳೆಗಳಲ್ಲಿ ಸಫಾರಿಯನ್ನು ಸ್ಥಗಿತಗೊಳಿಸಲಾಯಿತು. ಇಂಥ ಸಂದರ್ಭದಲ್ಲಿ ಭಕ್ಷೀಸನ್ನು ನಂಬಿದ ಸಂಬಳವು ಅರ್ಧಕ್ಕಿಳಿಯಬಹುದು. ಊರಿನಲ್ಲಿರುವ ಮನೆಯ ಸಾಲದ ಕಂತು ಮಾತ್ರ ಇಳಿಯುವುದಿಲ್ಲ.

ಮಾಲೀಕರು ಗಮನಿಸಬೇಕಾದ ಅಂಶಗಳು

1. ಕನಿಷ್ಠ ವೇತನಕ್ಕೆ ಕಡಿಮೆಯಿಲ್ಲದಂತೆ ನಗದು ವೇತನವನ್ನು ಪ್ರತ್ಯೇಕವಾಗಿ ನಿಗದಿಪಡಿಸಿ, ಬ್ಯಾಂಕ್ ಖಾತೆಗೆ ಜಮಾ ಮಾಡುವುದು.
2. ಭಕ್ಷೀಸಿಗೆ ಪ್ರತ್ಯೇಕ ವಹಿ ಇಟ್ಟು, ಹಂಚಿಕೆಯ ಸೂತ್ರವನ್ನು ಎಲ್ಲರಿಗೂ ತಿಳಿಸುವುದು.
3. ಬೆಳಿಗ್ಗೆ 6ಕ್ಕೆ ಮೊದಲು ಹಾಗೂ ಸಂಜೆ 7ರ ನಂತರದ ಕೆಲಸಕ್ಕೆ ಮಹಿಳೆಯ ಒಪ್ಪಿಗೆ ಪಡೆದು, ಸುರಕ್ಷತೆ ಒದಗಿಸುವುದು.
4. ಹತ್ತು ಅಥವಾ ಹೆಚ್ಚು ನೌಕರರಿದ್ದರೆ 2013ರ ಕಾಯಿದೆಯಂತೆ ಲೈಂಗಿಕ ಕಿರುಕುಳ ದೂರುಗಳಿಗೆ ಆಂತರಿಕ ಸಮಿತಿ ರಚಿಸುವುದು.

ಕೋಣೆ, ಊಟ, ಭಕ್ಷೀಸು ಇವು ಉದ್ಯೋಗದ ಅನುಕೂಲಗಳು. ದುಡಿಮೆಯ ಬೆಲೆಯನ್ನು ನಗದು ವೇತನದಲ್ಲಿಯೇ ತೋರಿಸುವ ಶಿಬಿರದಲ್ಲಿ ಅನುಭವಿ ಹೋಸ್ಟೆಸ್ ಉಳಿಯುತ್ತಾರೆ. ಅವರೊಂದಿಗೆ ಅತಿಥಿಗಳೂ ಮರಳಿ ಬರುತ್ತಾರೆ.