ಮೂಳೆಯ ಹೂದಾನಿ


*ಇಂದಿನ ಧಮ್ಮ ಚಿಂತನೆ*
ಬಿಡದಿ ಕೈಗಾರಿಕಾ ಪ್ರದೇಶದ ಅಧ್ಯಯನ ಬಳಗ

ಹೋದ ಭಾನುವಾರ ಒಬ್ಬ ಉಪಾಸಕರು ಕೇಳಿದರು: "ನನ್ನ ಊಟದ ಡಬ್ಬಿ ತಗುಲಿದರೆ ಮುಖ ಸಿಂಡರಿಸುವವರು ಬೋನ್ ಚೈನಾ ಕಪ್ಪಿನಲ್ಲಿ ಟೀ ಕುಡೀತಾರೆ ಸಾರ್. ಆ ಬೋನ್ ಅಂದ್ರೆ ಮೂಳೇನಾ?"

ಹೌದು, ಮೂಳೆಯೇ. ಬಹುಮಟ್ಟಿಗೆ ದನದ ಮೂಳೆ.

ಹದಿನೆಂಟನೇ ಶತಮಾನದಲ್ಲಿ ಇಂಗ್ಲೆಂಡಿನ ಸಿರಿವಂತರಿಗೆ ಚೀನಾದ ಪಿಂಗಾಣಿಯ ಹುಚ್ಚು. ಅಂಥದ್ದನ್ನೇ ತಮ್ಮಲ್ಲಿ ಮಾಡಹೋದರೆ ಪಾತ್ರೆಗಳು ಗೂಡಿನಲ್ಲಿ ಸೊಟ್ಟಗಾಗುತ್ತಿದ್ದವು. 1740ರ ದಶಕದಲ್ಲಿ ಲಂಡನ್ ಪಕ್ಕದ ಬೋ ಕಾರ್ಖಾನೆಯ ಥಾಮಸ್ ಫ್ರೈ, ಮೂಳೆಯನ್ನು ಸುಟ್ಟು, ಬೂದಿ ಮಾಡಿ ಜೇಡಿಗೆ ಕಲಸಿದ. ಪಾತ್ರೆ ಗಟ್ಟಿಯಾಯಿತು, ಬೆಳ್ಳಗೂ ಆಯಿತು. ಹಕ್ಕುಪತ್ರದಲ್ಲಿ ಅವನು ಬಳಸಿದ ಹೆಸರು ನೋಡಿ: 'ವರ್ಜಿನ್ ಅರ್ತ್', ಕನ್ಯೆ ಮಣ್ಣು! ಸುಟ್ಟ ಮೂಳೆಗೆ ಎಂಥ ಮಡಿ ಹೆಸರು.

ಚೆಲ್ಸಿ ಕಾರ್ಖಾನೆಯೂ 1758ರ ಹೊತ್ತಿಗೆ ಮೂಳೆಬೂದಿ ಹಿಡಿಯಿತು. ಅಲ್ಲಿನ ಹೂದಾನಿಗಳಿಗೆ ಕಡುನೀಲಿ ಮೈ, ಬಳ್ಳಿಯಂತೆ ಸುತ್ತಿದ ಹಿಡಿಕೆ, ಎಲ್ಲೆಲ್ಲೂ ಚಿನ್ನದ ಲೇಪ, ತಳದಲ್ಲಿ ಪುಟ್ಟ ಚಿನ್ನದ ಲಂಗರಿನ ಗುರುತು. ಇಂದು ಅಂಥ ಪಿಂಗಾಣಿ ವಾರ್ವಿಕ್‌ಶೈರ್‌ನ ಅಪ್ಟನ್ ಹೌಸ್‌ನಂಥ ಶ್ರೀಮಂತರ ಹಳ್ಳಿಬಂಗಲೆಗಳಲ್ಲಿ ಗಾಜಿನ ಹಿಂದಿದೆ. 1948ರಲ್ಲಿ ಲಾರ್ಡ್ ಬೇರ್‌ಸ್ಟೆಡ್ ಆ ಮನೆಯನ್ನು ಸಂಗ್ರಹದ ಸಮೇತ ನ್ಯಾಷನಲ್ ಟ್ರಸ್ಟಿಗೆ ಕೊಟ್ಟರು. ಅದೇ ವರ್ಷ ಬಾಬಾಸಾಹೇಬರ 'ಅಸ್ಪೃಶ್ಯರು' ಗ್ರಂಥ ಹೊರಬಂತು. ಅಸ್ಪೃಶ್ಯತೆಯ ಬೇರನ್ನು ಅವರು ಹುಡುಕಿದ್ದು ಬೌದ್ಧರ ಮೇಲಿನ ದ್ವೇಷದಲ್ಲಿ ಮತ್ತು ಸತ್ತ ದನದ ಮಾಂಸದಲ್ಲಿ.

ಸತಿಪಟ್ಠಾನ ಸುತ್ತದ ಸ್ಮಶಾನ ಧ್ಯಾನದಲ್ಲಿ ಮೂಳೆ ಶಂಖದಂತೆ ಬೆಳ್ಳಗಾಗಿ, ಕೊನೆಗೆ ಪುಡಿಯಾಗುತ್ತದೆ. ಈ ದೇಹವೂ ಹೀಗೇ ಎಂದು ಭಿಕ್ಖು ನೋಡುತ್ತಾನೆ. ಹೂದಾನಿಯನ್ನು ನೋಡಿ ಅನಿತ್ಯ ಎಂದು ಹೇಳಿ ಮುಗಿಸಬಹುದಿತ್ತು. ನನಗೆ ಅಷ್ಟು ಸಾಲದು. ನಮ್ಮ ಹಿರಿಯರು ಊರಿನ ಸತ್ತ ದನ ಹೊತ್ತರು, ಚರ್ಮ ಸುಲಿದರು, ಅದಕ್ಕೇ ಹೊರಗಾದರು. ಹೊತ್ತ ಹೆಗಲಿಗೆ ಮೈಲಿಗೆ ಉಳಿಯಿತು. ಮೂಳೆ ಮಾತ್ರ ಚಿನ್ನ ಬಳಿಸಿಕೊಂಡು ದೊಡ್ಡಮನೆ ಸೇರಬಲ್ಲದು. ಹಾಗಾದರೆ ಮೈಲಿಗೆ ಇದ್ದದ್ದು ವಸ್ತುವಿನಲ್ಲೇ?

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚೌದಾರ್ ಕೆರೆಯ ನೀರು ಕುಡಿದರು. ಆಮೇಲೆ ಸನಾತನಿಗಳು ಸಗಣಿ, ಗಂಜಲ, ಹಾಲು, ಮೊಸರು ಬೆರೆಸಿ 108 ಮಡಕೆ ಸುರಿದು ಕೆರೆಯನ್ನು 'ಶುದ್ಧ' ಮಾಡಿದರು. ದನದ ಸಗಣಿ ಶುದ್ಧಿಗೆ ಬಂತು, ಮನುಷ್ಯನ ಕೈ ಬರಲಿಲ್ಲ. ಅದೇ ಸಮ್ಮೇಳನದಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ ಎಂದು ನಮ್ಮವರಿಗೆ ಹೇಳಿದ್ದರು. ದನ ಮೈಲಿಗೆ ಎಂದಲ್ಲ, ಯಾರೋ ಬಿಸಾಕಿದ್ದರಲ್ಲಿ ಬದುಕುವುದು ಬೇಡ ಎಂದು.

ಕಂಪನಿ ಕೊಟ್ಟ ಬೋನ್ ಚೈನಾ ಸೆಟ್ ಎಸೆಯಬೇಕೇ ಎಂದು ಒಬ್ಬ ತಾಯಿ ಕೇಳಿದ್ದರು. ಬೇಡಮ್ಮ. ಈ ಭಾನುವಾರ ತನ್ನಿ, ಅದರಲ್ಲೇ ಎಲ್ಲರೂ ಟೀ ಕುಡಿಯೋಣ. ವಸಲ ಸುತ್ತ ಓದುವುದಿದೆ. ರಾತ್ರಿ ಪಾಳಿಯವರು ನಿದ್ದೆ ಮುಗಿಸಿ ಬರಲಿ, ಹನ್ನೊಂದಕ್ಕೆ ಶುರು ಮಾಡೋಣ.

ಜೈ ಭೀಮ್ 💙