ಡಿಸ್ಕ್ ಓದದಿದ್ದಾಗ: ಫಾರ್ಮ್ಯಾಟ್ ಮಾಡದೆ ಕಡತಗಳನ್ನು ಮರಳಿ ಪಡೆಯುವ ಬಗೆ

2020ರ ಅಕ್ಟೋಬರ್ 12ರ ಸೋಮವಾರ ಬೆಳಿಗ್ಗೆ ಸುಮಾರು ಹತ್ತು ಗಂಟೆಗೆ ವಿದ್ಯುತ್ ಜಾಲದ ವೈಫಲ್ಯದಿಂದಾಗಿ ಮುಂಬಯಿ ಮಹಾನಗರ ಹಾಗೂ ಉಪನಗರಗಳ ಬಹುಭಾಗದಲ್ಲಿ ವಿದ್ಯುತ್ ಪೂರೈಕೆ ಒಮ್ಮೆಲೇ ನಿಂತಿತು. ಲೋಕಲ್ ರೈಲುಗಳು ಹಳಿಗಳ ಮೇಲೆಯೇ ನಿಂತವು. ಕೋವಿಡ್ ನಿಮಿತ್ತ ಅನೇಕರು ಮನೆಯಿಂದಲೇ ಕೆಲಸ ಮಾಡುತ್ತಿದ್ದ ದಿನಗಳವು. ಇಂತಹ ಗಳಿಗೆಯಲ್ಲಿ ಬ್ಯಾಟರಿಯ ಆಸರೆಯಿಲ್ಲದ ಗಣಕಯಂತ್ರವು ಬರೆಯುತ್ತಿದ್ದ ಕಡತವನ್ನು ಅರ್ಧಕ್ಕೇ ಬಿಟ್ಟು ಆರಿಹೋಗುತ್ತದೆ.

ಬಾಂದ್ರಾದ ಒಂದು ಸಹಕಾರಿ ಗೃಹನಿರ್ಮಾಣ ಸಂಘವನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ಸದಸ್ಯರ ಷೇರು ನೋಂದಣಿ, ಹಲವು ವರ್ಷಗಳ ಜಮಾಖರ್ಚು, ಸಭೆಗಳ ನಡಾವಳಿ ಎಲ್ಲವೂ ಒಂದೇ ಹಾರ್ಡ್ ಡಿಸ್ಕಿನಲ್ಲಿವೆ, ಬೇರೆ ಪ್ರತಿಯಿಲ್ಲ. ವಿದ್ಯುತ್ ಮರಳಿದ ಮೇಲೆ ಡಿಸ್ಕನ್ನು ಜೋಡಿಸಿದರೆ, ಇದನ್ನು ಬಳಸುವ ಮುನ್ನ ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂಬ ಪ್ರಶ್ನೆ ಪರದೆಯ ಮೇಲೆ ಮೂಡುತ್ತದೆ. ಇದಕ್ಕೆ ‘ಬೇಡ’ ಎಂದೇ ಉತ್ತರಿಸತಕ್ಕದ್ದು.

ಈ ಸಂದೇಶದ ಅರ್ಥವಿಷ್ಟೆ: ಡಿಸ್ಕಿನ ಕಡತ ವ್ಯವಸ್ಥೆಯು, ಅಂದರೆ ಫೈಲ್ ಸಿಸ್ಟಂ, ಗಣಕಯಂತ್ರಕ್ಕೆ ಅರ್ಥವಾಗಿಲ್ಲ. ಯಾವ ಕಡತದ ಹೆಸರೇನು, ಅದರ ತುಣುಕುಗಳು ಡಿಸ್ಕಿನ ಯಾವ ಯಾವ ಭಾಗಗಳಲ್ಲಿವೆ ಎಂಬುದನ್ನು ದಾಖಲಿಸುವ ಪಟ್ಟಿಯೇ ಕಡತ ವ್ಯವಸ್ಥೆ. ಪಹಣಿ ಪುಸ್ತಕ ಹರಿದುಹೋದ ಮಾತ್ರಕ್ಕೆ ಹೊಲಗಳು ಮಾಯವಾಗುವುದಿಲ್ಲ. ಹಾಗೆಯೇ ಪಟ್ಟಿ ಕೆಟ್ಟರೂ ಕಡತಗಳ ಒಳತಿರುಳು ಬಹುಮಟ್ಟಿಗೆ ಸ್ವಸ್ಥಾನದಲ್ಲಿಯೇ ಇರುತ್ತದೆ. ಫಾರ್ಮ್ಯಾಟ್ ಮಾಡುವುದೆಂದರೆ ಹರಿದ ಪುಸ್ತಕದ ಜಾಗದಲ್ಲಿ ಖಾಲಿ ಪುಸ್ತಕವನ್ನಿಡುವುದು. ಕ್ವಿಕ್ ಫಾರ್ಮ್ಯಾಟ್ ಇಷ್ಟಕ್ಕೇ ನಿಲ್ಲುತ್ತದೆ. ಆದರೆ ವಿಂಡೋಸ್ ವಿಸ್ಟಾದಿಂದ ಈಚಿನ ಆವೃತ್ತಿಗಳಲ್ಲಿ ಪೂರ್ಣ ಫಾರ್ಮ್ಯಾಟ್ ಇಡೀ ಡಿಸ್ಕಿನ ಮೇಲೆ ಸೊನ್ನೆಗಳನ್ನು ಬರೆಯುತ್ತದೆ. ಅನಂತರ ಮರಳಿ ಪಡೆಯಲು ಏನೂ ಉಳಿಯದು. ಎಸ್‌ಎಸ್‌ಡಿಗಳ ವಿಷಯದಲ್ಲಿ ಕ್ವಿಕ್ ಫಾರ್ಮ್ಯಾಟ್ ಕೂಡ ಅಪಾಯಕಾರಿಯೇ. ಟ್ರಿಮ್ ಎಂಬ ಸೂಚನೆಯ ಮೂಲಕ ಜಾಗ ಖಾಲಿಯಾಗಿದೆಯೆಂದು ತಿಳಿದೊಡನೆ ಅವು ಅದನ್ನು ತಾವಾಗಿಯೇ ಅಳಿಸತೊಡಗುತ್ತವೆ.

ಡಿಸ್ಕ್ ಕೆಟ್ಟೇ ಇಲ್ಲದಿರುವ ಸಂದರ್ಭವೂ ಉಂಟು. ಮ್ಯಾಕ್ ಅಥವಾ ಲಿನಕ್ಸ್ ಗಣಕಯಂತ್ರದಲ್ಲಿ ಸಿದ್ಧಪಡಿಸಿದ ಡಿಸ್ಕನ್ನು ವಿಂಡೋಸಿಗೆ ಜೋಡಿಸಿದರೂ ಇದೇ ಪ್ರಶ್ನೆ ಬರಬಹುದು. ಕೇಬಲ್ ಸಡಿಲವಾಗಿರಲೂಬಹುದು. ಆದುದರಿಂದ ಮೊದಲು ಕೇಬಲ್ ಬದಲಿಸಿ, ಬೇರೊಂದು ಯಂತ್ರದಲ್ಲಿ ಪರೀಕ್ಷಿಸುವುದು ಲೇಸು.

ಕಡತ ವ್ಯವಸ್ಥೆಯನ್ನು ರೂಪಿಸಿದವರು ಇಂತಹ ಅವಘಡವನ್ನು ಮೊದಲೇ ಊಹಿಸಿದ್ದರು. ಫ್ಯಾಟ್-32ರಲ್ಲಿ ಪಟ್ಟಿಯ ಎರಡು ಪ್ರತಿಗಳಿರುವುದು ವಾಡಿಕೆ. ವಿಂಡೋಸಿನ ಎನ್‌ಟಿಎಫ್‌ಎಸ್‌ನಲ್ಲಿ ಬೂಟ್ ಸೆಕ್ಟರಿನ ಪ್ರತಿಯು ವಿಭಾಗದ ಕೊನೆಯ ಸೆಕ್ಟರಿನಲ್ಲಿದೆ. ಮುಖ್ಯ ಪಟ್ಟಿಯ ಮೊದಲ ನಾಲ್ಕು ದಾಖಲೆಗಳ ಪ್ರತಿ ಬೇರೆಡೆ ಇದೆ. ಲಿನಕ್ಸಿನ ಎಕ್ಸ್ಟ್-4ರಲ್ಲಿ ಸೂಪರ್‌ಬ್ಲಾಕಿನ ಪ್ರತಿಗಳು ಹಲವೆಡೆ ಹಂಚಿಕೊಂಡಿವೆ. ದುರಸ್ತಿಯ ತಂತ್ರವೆಲ್ಲ ಈ ಪ್ರತಿಗಳನ್ನು ಆಶ್ರಯಿಸಿದೆ. 1999ರ ಏಪ್ರಿಲ್ 26ರಂದು ಸಿಐಎಚ್ ಎಂಬ ವೈರಸ್ ಅನೇಕ ದೇಶಗಳಲ್ಲಿ ಹಾರ್ಡ್ ಡಿಸ್ಕುಗಳ ಮೊದಲ ಒಂದು ಮೆಗಾಬೈಟನ್ನು ಅಳಿಸಿದಾಗ ಇದು ಸ್ಪಷ್ಟವಾಯಿತು. ದೊಡ್ಡ ಫ್ಯಾಟ್-32 ಡಿಸ್ಕುಗಳಲ್ಲಿ ಮೊದಲ ಪಟ್ಟಿ ಹಾಳಾದರೂ ಎರಡನೆಯದು ಆ ಮಿತಿಯಾಚೆ ಉಳಿದಿರುತ್ತಿತ್ತು. ಅದರಿಂದ ಮೊದಲನೆಯದನ್ನು ಪುನಃ ಕಟ್ಟಲಾಯಿತು. ಅವಸರದಲ್ಲಿ ಫಾರ್ಮ್ಯಾಟ್ ಮಾಡಿದ್ದರೆ ಆ ಎರಡನೆಯ ಪಟ್ಟಿಯೂ ಬರಿದಾಗುತ್ತಿತ್ತು.

ದುರಸ್ತಿಗೆ ಮೊದಲು ಡಿಸ್ಕಿನ ಪೂರ್ಣ ನಕಲನ್ನು ಮಾಡಿಕೊಳ್ಳಬೇಕು. ಬಹುತೇಕರು ಬಿಟ್ಟುಬಿಡುವ ಹಂತ ಇದು. ಈ ಲೇಖಕನ ಮಟ್ಟಿಗೆ ಅತಿ ಮುಖ್ಯವಾದುದೂ ಇದೇ. ಸಿ-ಡ್ಯಾಕ್ ಅಭಿವೃದ್ಧಿಪಡಿಸಿದ ಬಾಸ್ ಅಥವಾ ಬೇರೆ ಯಾವುದೇ ಲಿನಕ್ಸನ್ನು ಪೆನ್‌ಡ್ರೈವಿನಿಂದ ಆರಂಭಿಸಿ, ಉಚಿತವಾಗಿ ದೊರೆಯುವ ಜಿಎನ್‌ಯು ಡಿಡಿರೆಸ್ಕ್ಯೂ ತಂತ್ರಾಂಶದಿಂದ, ಅಷ್ಟೇ ಅಥವಾ ಹೆಚ್ಚು ಸಾಮರ್ಥ್ಯದ ಇನ್ನೊಂದು ಡಿಸ್ಕಿಗೆ ನಕಲು ಮಾಡಬಹುದು. ಅದು ಸುಲಭವಾಗಿ ಓದಬಲ್ಲ ಭಾಗಗಳನ್ನು ಮೊದಲು ಎತ್ತಿಕೊಂಡು, ಕಷ್ಟದ ಭಾಗಗಳಿಗೆ ಅನಂತರ ಮರಳುತ್ತದೆ. ಮೂಲ ಯಾವುದು, ಗುರಿ ಯಾವುದು ಎಂಬುದನ್ನು ಎರಡು ಬಾರಿ ನೋಡಿಕೊಳ್ಳಿ, ಅದಲುಬದಲಾದರೆ ಸರ್ವನಾಶ.

ಇನ್ನು ಮುಂದಿನ ಪ್ರಯೋಗಗಳೆಲ್ಲ ನಕಲಿನ ಮೇಲೆ. ವಿಂಡೋಸಿನ ಚೆಕ್‌ಡಿಸ್ಕ್ ಆಜ್ಞೆಯನ್ನು ಯಾವ ಹೆಚ್ಚುವರಿ ಅಕ್ಷರವೂ ಇಲ್ಲದೆ ನೀಡಿದರೆ ಅದು ದೋಷಗಳನ್ನು ವರದಿ ಮಾಡುತ್ತದೆಯೇ ಹೊರತು ಏನನ್ನೂ ತಿದ್ದುವುದಿಲ್ಲ. ಓರೆಗೆರೆಯೊಡನೆ ‘ಎಫ್’ ಸೇರಿಸಿದಾಗ ಮಾತ್ರ ತಿದ್ದುತ್ತದೆ. ಆದರೆ ಅದರ ಗುರಿ ಪಟ್ಟಿಯನ್ನು ಸುಸಂಗತಗೊಳಿಸುವುದು, ನಿಮ್ಮ ಜಮಾಖರ್ಚನ್ನು ಉಳಿಸುವುದಲ್ಲ. ಪಟ್ಟಿಗೆ ಹೊಂದದ ತುಣುಕುಗಳನ್ನು ಅದು ಹೆಸರಿಲ್ಲದ ಕಡತಗಳಾಗಿ ಬದಿಗಿಡಬಹುದು. ವಿಭಾಗವು ‘ರಾ’ ಸ್ಥಿತಿಯಲ್ಲಿದೆ ಎಂದು ಚೆಕ್‌ಡಿಸ್ಕ್ ನಿರಾಕರಿಸಿದರೆ, ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶದಿಂದ ಕಳೆದುಹೋದ ವಿಭಾಗಗಳನ್ನು ಹುಡುಕಿ, ಬೂಟ್ ಸೆಕ್ಟರನ್ನು ಅದರ ಪ್ರತಿಯಿಂದ ಮರುಸ್ಥಾಪಿಸಬಹುದು. ಅನೇಕ ವೇಳೆ ಇಷ್ಟರಿಂದಲೇ ಇಡೀ ಡಿಸ್ಕ್ ತೆರೆದುಕೊಳ್ಳುತ್ತದೆ.

ಡಿಸ್ಕ್ ಟಿಕ್ ಟಿಕ್ ಎಂದು ಸದ್ದು ಮಾಡುತ್ತಿದ್ದರೆ ಈ ಯಾವುದನ್ನೂ ಮಾಡಕೂಡದು. ಒಡನೆ ಆರಿಸಿ ತಜ್ಞರಿಗೆ ಒಪ್ಪಿಸಬೇಕು. ನೀರು ಹೊಕ್ಕ ಡಿಸ್ಕಿಗೂ ಇದೇ ನಿಯಮ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದು, ಮೀಠಿ ನದಿ ಉಕ್ಕಿ, ಬಾಂದ್ರಾ ಪೂರ್ವದಲ್ಲಿ ನೆಲಮಹಡಿಗಳಿಗೆ ನೀರು ನುಗ್ಗಿತ್ತು. ಅಂತಹ ನೀರಿನಲ್ಲಿ ನೆಂದ ಡಿಸ್ಕನ್ನು ಬಿಸಿಗಾಳಿಯಿಂದ ಒಣಗಿಸುವುದೂ ಚಾಲೂ ಮಾಡಿ ನೋಡುವುದೂ ಸಲ್ಲದು.

ಪಟ್ಟಿ ಪೂರ್ಣವಾಗಿ ನಾಶವಾಗಿದ್ದರೆ ಟೆಸ್ಟ್‌ಡಿಸ್ಕ್ ಜೊತೆಗೇ ಬರುವ ಫೋಟೊರೆಕ್ ಉಳಿದಿದೆ. ಇದು ಪಟ್ಟಿಯನ್ನು ಲೆಕ್ಕಿಸದೆ, ಪ್ರತಿ ಬಗೆಯ ಕಡತದ ಆರಂಭದಲ್ಲಿರುವ ಗುರುತಿನಿಂದಲೇ ಅದನ್ನು ಪತ್ತೆಹಚ್ಚುತ್ತದೆ. ಹಳೆಯ ಹೆಸರುಗಳು ಮಾತ್ರ ಮರಳುವುದಿಲ್ಲ. ಸಂಖ್ಯೆಗಳ ಹೆಸರು ಹೊತ್ತ ಸಾವಿರಾರು ಕಡತಗಳನ್ನು ಒಂದೊಂದಾಗಿ ತೆರೆದು ನೋಡಬೇಕಾಗುತ್ತದೆ. ಕನ್ನಡಿಗರು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು. ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದ ಪತ್ರಗಳು, ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ರೋಮನ್ ಅಕ್ಷರಗಳ ಅರ್ಥವಿಲ್ಲದ ಸಾಲುಗಳಾಗಿ ಕಾಣಿಸುತ್ತವೆ. ಕೆಟ್ಟುಹೋಗಿವೆಯೆಂದು ಅವುಗಳನ್ನು ಅಳಿಸಬಾರದು. ಅಕ್ಷರಶೈಲಿಯನ್ನು ಅಳವಡಿಸಿ ಮತ್ತೊಮ್ಮೆ ತೆರೆದರೆ ಸಂಘದ ಹಳೆಯ ನಡಾವಳಿ ಅದರೊಳಗೇ ಇರಬಹುದು.