ರೀಮರ್‌ಗೆ ದಾರಿ ಗೊತ್ತಿಲ್ಲ

ಲೇತ್ ಮುಂದೆ ಮೊದಲ ಸಲ ನಿಂತ ಹುಡುಗರನ್ನು ನಾನು ಕೇಳುವುದು ಒಂದೇ ಪ್ರಶ್ನೆ: 20 ಮಿ.ಮೀ. ತೂತು ಬೇಕು, 20ರ ಡ್ರಿಲ್ ಹಾಕಿದರೆ ಆಗದೇ? ಆಗುತ್ತೆ ಸಾರ್ ಅನ್ನುತ್ತಾರೆ. ಸರಿ, ಹಾಕಿ ನೋಡಿ. ತೂತು ತುಸು ಹೆಚ್ಚೇ ಅಗಲವಾಗಿರುತ್ತದೆ, ಗೋಡೆ ಒರಟಾಗಿರುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಒಳಹೊಕ್ಕಾಗ ನಡುಮಧ್ಯದಲ್ಲಿದ್ದ ಡ್ರಿಲ್ ಹೊರಬರುವಾಗ ಪಕ್ಕಕ್ಕೆ ಸರಿದಿರುತ್ತದೆ. ಅದರ ಎರಡು ಅಂಚುಗಳಲ್ಲಿ ಒಂದನ್ನು ಚೂರು ಉದ್ದ ಸಾಣೆ ಹಿಡಿದಿದ್ದರೂ ಸಾಕು, ಡ್ರಿಲ್ ವಾಲುತ್ತದೆ.

ಡ್ರಾಯಿಂಗಿನಲ್ಲಿ 20 ಎಚ್7 ಎಂದು ಬರೆದಿದ್ದರೆ ತೂತು 20.000ಕ್ಕೂ 20.021ಕ್ಕೂ ನಡುವೆ ಇರಬೇಕು. ಅಂದರೆ ನಮಗೆ ಬಿಟ್ಟುಕೊಟ್ಟ ಜಾಗ 21 ಮೈಕ್ರಾನ್, ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆ. ಕೊರೆದ ತೂತನ್ನು ಕರಾರುವಾಕ್ಕಾದ ಅಳತೆಗೆ ತರುವ ರೀಮರ್ ಬರುವುದು ಅದಕ್ಕೇ.

ರೀಮರ್ ನೋಡಲು ಗಂಭೀರ, ಬೆಲೆಯೂ ಹಾಗೇ. ಸುತ್ತಲೂ ಆರೋ ಎಂಟೋ ಅಂಚು. ಆದರೆ ಅದಕ್ಕೆ ಸ್ವಂತ ದಾರಿ ಇಲ್ಲ. ಮುಂದೆ ತೂತು ಎತ್ತ ಹೋಗಿದೆಯೋ ಅತ್ತಲೇ ಹೋಗುತ್ತದೆ. ಡೊಂಕು ತೂತಿಗೆ ರೀಮರ್ ಹಾಕಿದರೆ ಸಿಗುವುದು ನುಣುಪಾದ ಡೊಂಕು ತೂತು. ದಾರಿ ನೆಟ್ಟಗೆ ಮಾಡುವ ಕೆಲಸ ಬೋರಿಂಗ್ ಟೂಲಿನದು. ಒಂದೇ ಮೊನೆಯ ಆ ಟೂಲು ಕ್ಯಾರೇಜಿನ ಜೊತೆ ನೇರ ಸಾಗುತ್ತದೆ, ಹಳೆಯ ತೂತು ಹೇಳಿದಂತೆ ಕೇಳುವುದಿಲ್ಲ. ಇಂಗ್ಲೆಂಡಿನ ಜಾನ್ ವಿಲ್ಕಿನ್ಸನ್ 1774ರಲ್ಲಿ ಫಿರಂಗಿ ಕೊರೆಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಆಮೇಲೆ ಬೋರಿಂಗ್ ದಂಡವನ್ನು ಎರಡೂ ತುದಿಯಲ್ಲಿ ಬಿಗಿದು ಸಿಲಿಂಡರ್ ಕೊರೆದುಕೊಟ್ಟ. ಜೇಮ್ಸ್ ವಾಟ್‌ನ ಉಗಿ ಎಂಜಿನ್ನಿಗೆ ಆವಿ ಸೋರದ ಸಿಲಿಂಡರ್ ಸಿಕ್ಕಿದ್ದು ಹಾಗೆ.

ಈಗ ಜಾಬ್, ಅಂದರೆ ಕೊರೆಯಬೇಕಾದ ತುಂಡನ್ನು, ಲೇತಿಗೆ ಕಟ್ಟೋಣ. ಹಿಡಿತದ ಜಾಗಳು ಒಂದೊಂದೂ ಬೇರೆಯಾಗಿ ಸರಿಯುವ ನಾಲ್ಕು ಜಾ ಚಕ್ ತೆಗೆದುಕೊಳ್ಳಿ. ಮೂರು ಜಾದ್ದು ಬೇಗ ಹಿಡಿಯುತ್ತದೆ, ಆದರೆ ಅದು ಎಲ್ಲಿ ನಿಲ್ಲಿಸಿತೋ ಅದೇ ಸೆಂಟರ್. ಡಯಲ್ ಇಂಡಿಕೇಟರಿನ ಮೊನೆಯನ್ನು ಜಾಬ್‌ಗೆ ತಾಗಿಸಿ ಚಕ್ಕನ್ನು ಕೈಯಿಂದ ನಿಧಾನ ತಿರುಗಿಸಿ. ಡಯಲ್ ಒಂದು ಸುತ್ತಿಗೆ 0.10 ಮಿ.ಮೀ. ಆಡಿತು ಅಂದುಕೊಳ್ಳಿ. ಜಾಬ್ ಸರಿದಿರುವುದು 0.10 ಅಲ್ಲ, ಅದರ ಅರ್ಧ, 0.05. ಹೊಸಬರು ಪೂರ್ತಿ 0.10 ತಳ್ಳಿ, ಮತ್ತೆ ಆ ಕಡೆಯಿಂದ ಈ ಕಡೆ ತಳ್ಳಿ, ಅರ್ಧ ದಿನ ಅಲ್ಲೇ ಕಳೆಯುತ್ತಾರೆ. ಎದುರುಬದುರು ಜಾಗಳನ್ನು ಜೋಡಿಯಾಗಿ ನೋಡಿ: ಒಂದನ್ನು ಸಡಿಲಿಸಿ, ಇನ್ನೊಂದನ್ನು ಬಿಗಿ ಮಾಡಿ. ಚಕ್ಕಿನ ಹತ್ತಿರ ಸರಿಯಾದ ಮೇಲೆ ಡಯಲನ್ನು ದೂರದ ತುದಿಗೆ ಒಯ್ಯಿರಿ. ಅಲ್ಲಿ ಆಡುತ್ತಿದ್ದರೆ ಜಾಬ್ ಓರೆಯಾಗಿ ಕೂತಿದೆ.

ಡಯಲ್ ಹೊರಮೈಗೆ ಹಿಡಿಯಬೇಕೋ ತೂತಿನೊಳಗೋ? ಯಾವುದನ್ನು ನಂಬಬೇಕೋ ಅದಕ್ಕೆ. ಗುರಿ ಸ್ಪರ್ಧೆಯ ರೈಫಲ್ ನಳಿಕೆ ಒಳ್ಳೆಯ ಉದಾಹರಣೆ. ಅಷ್ಟುದ್ದ ಕೊರೆದ ತೂತು ಹೊರಮೈಯ ನಟ್ಟನಡುವೆ ಇರುವುದು ಅಪರೂಪ. ಗುಂಡು ಓಡುವುದು ತೂತಿನಲ್ಲಿ, ಹೊರಮೈಯಲ್ಲಲ್ಲ. ಹಾಗಾಗಿ ಚೇಂಬರ್, ಅಂದರೆ ತೋಟಾ ಕೂರುವ ಜಾಗ, ಕೊರೆಯುವವರು ಡಯಲನ್ನು ಒಳಗೇ ತೂರಿಸಿ ತೂತನ್ನು ಸೆಂಟರಿಗೆ ತರುತ್ತಾರೆ. ನಳಿಕೆಯನ್ನು ಹೆಡ್‌ಸ್ಟಾಕ್ ಒಳಗಿಂದ ತೂರಿಸಿ ಎರಡೂ ತುದಿ ಹೊಂದಿಸುವವರಿದ್ದಾರೆ, ನಳಿಕೆಗೆ ಆಸರೆ ಕೊಡುವ ಸ್ಟೆಡಿ ರೆಸ್ಟ್ ಮೇಲೆ ಓಡಿಸುವವರೂ ಇದ್ದಾರೆ. ತಮ್ಮದೇ ಸರಿ ಎಂದು ಇಬ್ಬರೂ ವಾದಿಸುತ್ತಾರೆ. ನನಗೆ ಹೆಡ್‌ಸ್ಟಾಕ್‌ನದೇ ಮೇಲು ಅನಿಸುತ್ತದೆ, ಎರಡೂ ತುದಿ ಕೈಗೆ ಸಿಗುತ್ತವೆ.

ಬೋರಿಂಗ್ ಮುಗಿಸುವಾಗ ರೀಮರ್‌ಗೆ 0.2 ಮಿ.ಮೀ.ನಷ್ಟು ಬಿಡಿ. ತೀರಾ ಕಡಿಮೆ ಬಿಟ್ಟರೆ ಅಂಚು ಕತ್ತರಿಸುವುದಿಲ್ಲ, ಉಜ್ಜುತ್ತದೆ. ಡ್ರಿಲ್ ಓಡಿಸಿದ ವೇಗದ ಅರ್ಧಕ್ಕಿಂತ ಹೆಚ್ಚು ಬೇಡ, ಫೀಡ್ ಮಾತ್ರ ಧಾರಾಳವಾಗಿರಲಿ. ಸ್ಟೀಲಿಗೆ ಎಣ್ಣೆ ಬೇಕೇ ಬೇಕು. ಟೇಲ್‌ಸ್ಟಾಕ್ ಸೆಂಟರ್ ತಪ್ಪಿದ್ದರೆ ತೂತಿನ ಬಾಯಿ ಅಗಲವಾಗುತ್ತದೆ. ರೀಮರ್‌ಗೆ ತುಸು ಅಲುಗಾಡುವ ಸ್ವಾತಂತ್ರ್ಯ ಕೊಡುವ ಫ್ಲೋಟಿಂಗ್ ಹೋಲ್ಡರ್ ಇರುವುದು ಅದಕ್ಕೇ. ಇನ್ನು, ರೀಮರನ್ನು ಎಂದೂ ಉಲ್ಟಾ ತಿರುಗಿಸಬೇಡಿ. ಕಲಿಯುವಾಗ ನಾನು ತಿರುಗಿಸಿದ್ದೆ. ಅಂಚಿನ ಹಿಂದೆ ಸಿಕ್ಕಿಕೊಂಡ ಚಿಪ್ಸ್ ಗೋಡೆಯನ್ನು ಉಗುರಿನಲ್ಲಿ ಗೀರಿದ ಹಾಗೆ ಗೀರಿತು. ಮೂರು ಗಂಟೆಯ ಜಾಬ್ ಸ್ಕ್ರ್ಯಾಪ್ ಡಬ್ಬಕ್ಕೆ ಹೋಯಿತು.

ಗೇಜ್ ಹಾಕಲು ಅವಸರ ಬೇಡ. 30 ಡಿಗ್ರಿ ಬಿಸಿ ಏರಿದ ಸ್ಟೀಲಿನಲ್ಲಿ 20 ಮಿ.ಮೀ. ತೂತು ಸುಮಾರು 7 ಮೈಕ್ರಾನ್ ಹಿಗ್ಗಿರುತ್ತದೆ, ನಮಗಿದ್ದ ಜಾಗದ ಮೂರನೇ ಒಂದು ಪಾಲು. ಬಿಸಿಯಲ್ಲಿ ಗೋ ಗೇಜ್ (ತೂತು ಕನಿಷ್ಠ ಅಳತೆಗೆ ಬಂದಿದ್ದರೆ ಒಳಹೋಗುವ ಗೇಜ್) ಸಲೀಸಾಗಿ ಒಳಹೋಯಿತೆಂದು ಟೀ ಕುಡಿದು ಬನ್ನಿ, ಅದೇ ಗೇಜ್ ಬಾಯಲ್ಲೇ ನಿಂತರೂ ನಿಂತೀತು.